ಹಿತ್ತಲಿನ ನೇರ ಸಾಲು

ಮಾರ್ಚ್ 9

ಅಪ್ಪನಿಗೆ,

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕಾಗುಣಿತವೂ ಅಷ್ಟಕ್ಕಷ್ಟೇ. ಕ್ಷಮಿಸು. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಬೇಕರಿಯ ಹಲಗೆಯ ಮೇಲೆ ‘ಬನ್ ಮುಗಿದಿದೆ’ ಅನ್ನುವ ಎರಡು ಪದ. ಅದನ್ನೂ ದಿನಾ ಅಳಿಸಿ ದಿನಾ ಬರೆಯುವುದರಿಂದ ಅಷ್ಟು ಮಾತ್ರ ದುಂಡಗೆ ಬರುತ್ತದೆ. ಈ ಪತ್ರ ನಿನ್ನ ಕೈ ಸೇರುವ ಮೊದಲು ಜೈಲಿನ ಗುಮಾಸ್ತರೊಬ್ಬರು ಓದುತ್ತಾರೆ ಎಂದು ಗೇಟಿನಲ್ಲಿ ಹೇಳಿದರು. ಸರ್, ನೀವೂ ಕ್ಷಮಿಸಬೇಕು. ತಿಳಿಯದಿದ್ದರೆ ಬೆಳಕಿಗೆ ಹಿಡಿದು ಓದಿ.

ನಿನ್ನನ್ನು ಕರೆದುಕೊಂಡು ಹೋಗಿ ಇವತ್ತಿಗೆ ಒಂಬತ್ತು ದಿನ. ನಾವಿಬ್ಬರೂ ಬೇರೆ ಬೇರೆ ಸೂರಿನಡಿ ಮಲಗಿದ್ದೇ ಇಲ್ಲವಲ್ಲ, ಅದಕ್ಕೇ ನಿನಗೆ ಪತ್ರ ಬರೆಯುವ ಪ್ರಸಂಗ ಬಂದಿರಲಿಲ್ಲ. ಮನೆಯಲ್ಲಿ ಬೆತ್ತದ ವಾಸನೆ ಹಾಗೇ ಇದೆ. ನೀನು ಬೆತ್ತ ನೆನೆಹಾಕಿದ್ದ ತೊಟ್ಟಿಯ ನೀರನ್ನು ಚೆಲ್ಲಲು ಮನಸ್ಸು ಬಂದಿಲ್ಲ. ಅರ್ಧ ಹೆಣೆದ ಎರಡು ಕುರ್ಚಿಗಳು ಗೋಡೆಯ ಕಡೆ ಮುಖ ಮಾಡಿಕೊಂಡು, ಮೇಷ್ಟ್ರು ನಿಲ್ಲಿಸಿದ ಮಕ್ಕಳ ಹಾಗೆ ನಿಂತಿವೆ. ನೀನು ಹೋಗುವ ಹಿಂದಿನ ಸಂಜೆ ಹೆಣೆದು ಮುಗಿಸಿದೆಯಲ್ಲ, ಆ ಗಿಡ್ಡ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಆ ಬೆಳಿಗ್ಗೆ ಅಬಕಾರಿ ಇಲಾಖೆಯವರು ಬಂದದ್ದು ನನಗೆ ಈಗಲೂ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಯಾರೂ ಕೂಗಾಡಲಿಲ್ಲ. ಒಬ್ಬರು ಬಗ್ಗಿ ಗಿಡ ಎಣಿಸಿದರು, ಇನ್ನೊಬ್ಬರು ಬರೆದುಕೊಂಡರು. ನಲವತ್ತೊಂದು. ಒಂದೊಂದು ಗಿಡ ಕಿತ್ತಾಗಲೂ ಅದರ ಜಾಗದಲ್ಲಿ ನಂಬರು ಬರೆದ ಮರದ ಗೂಟ ನೆಟ್ಟರು. ಸಾಲು ನೂಲು ಹಿಡಿದ ಹಾಗೆ ನೇರವಾಗಿದೆ, ಹಿತ್ತಲೆಲ್ಲ ಒಣಗಿದ್ದರೂ ಸಾಲಿನ ಬುಡ ಮಾತ್ರ ತೇವವಾಗಿದೆ, ಹಾಗಾಗಿ ಬಿತ್ತಿ ನೀರು ಹಾಕಿ ಬೆಳೆಸಿದ್ದೇ ಎಂದು ಗಟ್ಟಿಯಾಗಿ ಓದಿ ಹೇಳಿದರು. ಯಾರು ಬೆಳೆಸಿದ್ದು ಎಂದು ಅವರು ಕೇಳುವುದಕ್ಕೂ ಮೊದಲೇ ನೀನು, “ನಾನೇ ನೆಟ್ಟಿದ್ದು” ಅಂದೆ. ಕುಂಡದಲ್ಲಿದ್ದ ಒಂದೇ ಒಂದು ಗಿಡವನ್ನು ನೀರು ಹಾಕದೆ ಸಾಯಿಸಿದವನು ನೀನು. ಯಾಕೆ ಹಾಗೆ ಹೇಳಿದೆ ಅಪ್ಪ?

ಆ ಹೂವುಗಳ ಬೀಜ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ, ನಿನ್ನನ್ನು ಹಿಡಿಸಿಕೊಟ್ಟದ್ದು ನನ್ನ ಬಾಯಿ. ಬೇಕರಿಯಲ್ಲಿ ಎಂಟು ತಿಂಗಳಿಂದ ಕೆಲಸ ಮಾಡುತ್ತಿದ್ದರೂ ನಾನು ಗಿರಾಕಿಗಳ ಜೊತೆ ಮಾತಾಡಿದವಳಲ್ಲ. ಪಿಟ್ಟೆನ್ನುವುದಿಲ್ಲ ಎಂದು ಒಲೆ ಮಾವ ನನಗೆ ಪಿಟ್ಟಕ್ಕ ಅಂತ ಹೆಸರಿಟ್ಟಿದ್ದಾರೆ. ಅಂಗಡಿಯ ಯಜಮಾನರಾದರೂ ಒಲೆ ಬಿಟ್ಟು ಈಚೆ ಬರದ ಅವರೇ ನನಗಿಂತ ಹೆಚ್ಚು ಮಾತಾಡುತ್ತಾರೆ. ಆ ದಿನ ಮಾತ್ರ ನಾನು ಎರಡು ಹೂವು ಕೊಯ್ದು, ಗಾಜಿನ ಲೋಟದಲ್ಲಿಟ್ಟು, ಗಲ್ಲಾಪೆಟ್ಟಿಗೆಯ ಪಕ್ಕ ಇರಿಸಿದ್ದೆ. ಅವು ಎಷ್ಟು ತೆಳುವಾಗಿದ್ದವು ಅಂದರೆ ಒಲೆಯ ಬಾಗಿಲು ತೆರೆದಾಗಲೆಲ್ಲ ಆ ಬಿಸಿಗೆ ಉಸಿರಾಡುತ್ತಿದ್ದವು. ದಿನಾ ಸಣ್ಣ ಬ್ರೆಡ್ಡು ಒಯ್ಯುವ ಹೆಂಗಸು, ಕೊರಳಲ್ಲಿ ಗುರುತಿನ ಕಾರ್ಡು ಹಾಕಿಕೊಂಡವರು, “ಎಷ್ಟು ಚೆನ್ನಾಗಿದೆಯಮ್ಮ, ಎಲ್ಲಿಯದು?” ಎಂದು ಕೇಳಿದರು. ನನಗೆ ಏನಾಯಿತೋ, “ನಮ್ಮ ಹಿತ್ತಲಲ್ಲಿ ಒಂದು ಸಾಲೇ ಇದೆ” ಅಂದುಬಿಟ್ಟೆ. ಮನೆಗೆ ಬಂದು ನಿನಗೂ ಹೇಳಿದೆ, ಅಪ್ಪ, ಇವತ್ತು ಗಿರಾಕಿ ಹತ್ತಿರ ಮಾತಾಡಿದೆ ಅಂತ. ನೀನು ನಗಲಿಲ್ಲ. ಕಾರ್ಡು ಯಾವ ಬಣ್ಣದ್ದು ಎಂದು ಮಾತ್ರ ಕೇಳಿದೆ.

ಊಟ ಸರಿಯಾಗಿ ಮಾಡು.

ನಿನ್ನ ಮಗಳು,
ಪಿಟ್ಟಕ್ಕ


ಮಾರ್ಚ್ 24

ಮಗಳೇ,

ಪತ್ರ ಬಂತು. ನಿನ್ನ ತಪ್ಪುಗಳನ್ನೆಲ್ಲ ಗುಮಾಸ್ತರು ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟಿದ್ದಾರೆ. ಹಿಂದೆ ಮೇಷ್ಟ್ರಾಗಿದ್ದರೋ ಏನೋ. ಹತ್ತಕ್ಕೆ ನಾಲ್ಕು ಅಂಕ ಹಾಕಿಲ್ಲ, ಅದೊಂದು ಪುಣ್ಯ.

ನಾನು ಚೆನ್ನಾಗಿದ್ದೇನೆ. ಇಲ್ಲಿನ ಕಚೇರಿಯ ಹರಿದ ಕುರ್ಚಿಗಳನ್ನೆಲ್ಲ ತಂದು ನನ್ನ ಮುಂದೆ ಹಾಕಿದ್ದಾರೆ. ಕುರ್ಚಿ ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ. ಮಂತ್ರಿಗಳೂ ಇಷ್ಟು ಕುರ್ಚಿ ಹಿಡಿದಿರಲಾರರು. ಬೆತ್ತ ಒರಟು, ನೆನೆಹಾಕಲು ಬಕೆಟ್ಟು ಚಿಕ್ಕದು, ಆದರೆ ಕೈಗೆ ಕೆಲಸವಿದ್ದರೆ ಹೊತ್ತು ಹೋಗುತ್ತದೆ. ನನ್ನ ಕೋಣೆಯಲ್ಲಿ ಇನ್ನೊಬ್ಬನಿದ್ದಾನೆ, ಪೇಂಟರು. ಗೋಡೆಯ ತೇವದ ಕಲೆಗಳನ್ನು ತೋರಿಸಿ ಇದು ಹಡಗು, ಇದು ಕುದುರೆ ಎನ್ನುತ್ತಾನೆ. ನನಗೂ ಈಗ ಕುದುರೆ ಕಾಣುತ್ತದೆ.

ನೀನು ಬಾಯಿ ಬಿಟ್ಟೆ ಎಂದು ಕೊರಗಬೇಡ. ಹೂವನ್ನು ಯಾರೋ ಚೆನ್ನಾಗಿದೆ ಅಂದರು, ನೀನು ಉತ್ತರ ಕೊಟ್ಟೆ. ಅದು ತಪ್ಪಲ್ಲ. ಹಿತ್ತಲಿನ ವಿಷಯ ಇನ್ನು ಬರೆಯಬೇಡ. ನೆಟ್ಟದ್ದು ನಾನು, ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ಇರುವುದು ಇಬ್ಬರೇ. ಒಬ್ಬ ಅಲ್ಲ ಎಂದರೆ ಬೆರಳು ಯಾರ ಕಡೆ ತಿರುಗುತ್ತದೆ, ಯೋಚಿಸು.

ತೊಟ್ಟಿಯ ನೀರು ಚೆಲ್ಲು, ಸೊಳ್ಳೆ ಆಗುತ್ತದೆ. ಆ ಸ್ಟೂಲನ್ನು ಯಾರು ಕೇಳಿದರೂ ಕೊಡಬೇಡ.

ಅಪ್ಪ


ಏಪ್ರಿಲ್ 14

ಅಪ್ಪನಿಗೆ,

ತೊಟ್ಟಿಯ ನೀರು ಚೆಲ್ಲಿದೆ. ಈ ಸಲ ಅಕ್ಷರಗಳನ್ನು ಸಾಲಿನ ಮೇಲೆ ನಿಲ್ಲಿಸಲು ನೋಡಿದ್ದೇನೆ. ತಿದ್ದಿಕೊಟ್ಟದ್ದಕ್ಕೆ ಗುಮಾಸ್ತರಿಗೆ ನಮಸ್ಕಾರ ಹೇಳು. ನೀನು ಹೇಳುವುದೇಕೆ, ಅವರೇ ಓದುತ್ತಿದ್ದಾರಲ್ಲ.

ಕೋರ್ಟಿನಿಂದ ನಿನಗೆ ಕೊಟ್ಟಿರುವ ವಕೀಲಮ್ಮ ಬೇಕರಿಗೆ ಬಂದಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮಾತಾಡುತ್ತ ಮಾತಾಡುತ್ತ ಮೂರು ಬನ್ನು ತಿಂದರು. ಬನ್ನಿನ ಮೇಲಿನ ಗಸಗಸೆಯೆಲ್ಲ ಕಪ್ಪು ಕೋಟಿನ ಮೇಲೆ ಉದುರಿ, ನಕ್ಷತ್ರ ಹೊತ್ತುಕೊಂಡವರ ಹಾಗೆ ಕಾಣುತ್ತಿದ್ದರು. ಅವರು ಅಂಗೈಯಲ್ಲಿ ಒಂದು ಚಿಟಿಕೆ ಕಾಳು ಹಾಕಿಕೊಂಡು, ನಮ್ಮ ಹಿತ್ತಲಿನ ಗಿಡ ಇದರದ್ದೇ ಎಂದರು. ನನಗೆ ನಂಬಿಕೆ ಬರಲಿಲ್ಲ. ಆ ಮೂಟೆಗೆ ದಿನಾ ಕೈ ಹಾಕುವವಳು ನಾನು. ಒದ್ದೆ ಮಾಡಿದ ಬನ್ನನ್ನು ಗಸಗಸೆಯ ತಟ್ಟೆಯಲ್ಲಿ ಕವುಚಿ ಒತ್ತುವುದೇ ನನ್ನ ಕೆಲಸ. ಅದಕ್ಕೆ ಇಂಥ ಹೂವಿದೆ ಎಂದು ಯಾರೂ ಹೇಳಿರಲಿಲ್ಲ.

ಕಾಳು ತಿನ್ನಬಹುದಂತೆ, ಗಿಡ ಬೆಳೆಸಬಾರದಂತೆ. ಹಸಿ ಕಾಯಿಯನ್ನು ಗೀರಿದರೆ ಬರುವ ಹಾಲೇ ಅಫೀಮು. ಹಾಗಾಗಿ ಪರವಾನಗಿ ಇಲ್ಲದೆ ಒಂದು ಗಿಡ ಇದ್ದರೂ ಕೇಸು, ನಲವತ್ತೊಂದಿದ್ದರೂ ಕೇಸು. ಹೂವಿನ ಆಸೆಗೆ ಬೆಳೆಸಿದೆ ಅಂದರೂ ಕಾನೂನಿಗೆ ಗಿಡ ಗಿಡವೇ. ಕಾಯಿಗಳ ಮೇಲೆ ಒಂದು ಗೀರೂ ಇರಲಿಲ್ಲ ಎನ್ನುವುದು ನಮಗೆ ಅನುಕೂಲ, ಸಾಲು ನೇರವಾಗಿತ್ತು ಎನ್ನುವುದು ಅನನುಕೂಲ ಎಂದರು. ತಾನಾಗಿ ಹುಟ್ಟಿದ ಗಿಡ ಶಿಸ್ತಾಗಿ ಸಾಲು ಹಿಡಿದು ನಿಲ್ಲುತ್ತದೆಯೇ ಎಂದು ಎದುರಿನವರು ಕೇಳುತ್ತಾರೆ, ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ನೀನು ಒಪ್ಪಿಕೊಂಡರೆ ನಾಲ್ಕೈದು ವರ್ಷ ಆಗಬಹುದು ಎಂದರು. ಹೇಳಿದ ಮೇಲೆ ಬನ್ನನ್ನು ಕೆಳಗಿಟ್ಟರು.

ಆ ಕಾರ್ಡಿನ ಹೆಂಗಸು ಈಗಲೂ ಬರುತ್ತಾರೆ. ಏನೂ ಕೇಳುವುದಿಲ್ಲ, ಬ್ರೆಡ್ಡಿನ ಕಡೆ ಬೆರಳು ತೋರಿಸುತ್ತಾರೆ. ನಾನು ಸುತ್ತಿ ಕೊಡುತ್ತೇನೆ. ಇಬ್ಬರೂ ಮೂಗರ ಹಾಗೆ ವ್ಯವಹಾರ ಮುಗಿಸುತ್ತೇವೆ. ಒಲೆ ಮಾವ ಒಳಗಿನಿಂದ, “ಮೊದಲು ಒಬ್ಬಳು ಪಿಟ್ಟಕ್ಕ ಇದ್ದಳು, ಈಗ ಜೋಡಿ ಆಯ್ತು” ಅಂತ ಗೊಣಗುತ್ತಾರೆ.

ಮನೆಯಲ್ಲಿ ಒಂದು ಚಿಕ್ಕ ತೊಂದರೆ. ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗ ಇಲ್ಲ. ಇಲಾಖೆಯವರು ಒಯ್ದರೇನೋ ಎಂದು ಅವರು ಕೊಟ್ಟ ಸಾಮಾನಿನ ಪಟ್ಟಿ ನೋಡಿದೆ. ಗುದ್ದಲಿ ಇದೆ, ಬಕೆಟ್ಟು ಇದೆ, ಹಗ್ಗ ಇಲ್ಲ. ಗೋಡೆಯ ಕೊಂಡಿ, ಆ ಕಡೆಯ ಕಬ್ಬಿಣದ ಕಂಬ ಎರಡೂ ಹಾಗೇ ನಿಂತು ಒಂದನ್ನೊಂದು ನೋಡುತ್ತಿವೆ. ನಾನು ಬಟ್ಟೆಯನ್ನು ಕುರ್ಚಿಗಳ ಮೇಲೆ ಹರಡುತ್ತೇನೆ. ಸಂಜೆ ಬಂದು ಏಪ್ರನ್ ಕೊಡವುವುದು ಬಾಗಿಲ ಮೆಟ್ಟಿಲ ಪಕ್ಕ. ಹಗ್ಗ ಎಲ್ಲಿದೆ, ನಿನಗೇನಾದರೂ ಗೊತ್ತೆ?

ಮೊನ್ನೆ ಕನಸಿನಲ್ಲಿ ಆ ಹೂವುಗಳು ಗೂಟಗಳ ಮೇಲೆ ಮತ್ತೆ ಅರಳಿದ್ದವು, ಒಂದೊಂದಕ್ಕೂ ಒಂದೊಂದು ನಂಬರು. ಎಸಳುಗಳು ಗಂಟಿನಲ್ಲಿ ಮುದುರಿಟ್ಟು ಈಗ ತಾನೆ ಬಿಚ್ಚಿದ ಬಟ್ಟೆಯ ಹಾಗೆ ಸುಕ್ಕುಸುಕ್ಕಾಗಿದ್ದವು. ನೀನು ಅವುಗಳ ನಡುವೆ ನಡೆದು ಹೋಗುತ್ತಿದ್ದೆ. ಒಂದೂ ಬಾಗಲಿಲ್ಲ.

ನಿನ್ನ ಮಗಳು


ಏಪ್ರಿಲ್ 30

ಮಗಳೇ,

ಹಗ್ಗ ಹಳೆಯದಾಗಿತ್ತು. ಅದರ ಮಾತು ಬಿಡು. ಬಟ್ಟೆಯನ್ನು ಒಳಗೇ ಒಣಗಿಸಿಕೊ, ಕುರ್ಚಿಗಳಿಗೆ ನಾನು ಹೇಳಿದೆ ಎಂದು ಹೇಳು, ಬೇಸರ ಮಾಡಿಕೊಳ್ಳುವುದಿಲ್ಲ.

ಇದರ ಮೇಲೆ ಇನ್ನೂ ಮೂರು ಸಾಲು ಬರೆದಿದ್ದೇನೆ, ಗುಮಾಸ್ತರು ಶಾಯಿ ಬಳಿದು ಕಪ್ಪು ಮಾಡುತ್ತಾರೆಂದು ಗೊತ್ತಿದ್ದೇ. ಮಾಡಿದ್ದರೆ, ಅದರಲ್ಲಿ ಏನಿತ್ತೆಂದು ನೀನೂ ಕೇಳಬೇಡ.

ಜೂನ್ ಹನ್ನೆರಡಕ್ಕೆ ನನ್ನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ನೆಟ್ಟದ್ದು ನಾನೇ ಎಂದು ಹೇಳಿ ಸಹಿ ಹಾಕುತ್ತೇನೆ. ವಕೀಲಮ್ಮ ಒಳ್ಳೆಯ ಹುಡುಗಿ, ಆದರೆ ಕೆದಕುವ ಬುದ್ಧಿ ಹೆಚ್ಚು. ಅವರು ಕೇಳಿದ್ದಕ್ಕೆಲ್ಲ ನೀನು ಉತ್ತರ ಕೊಡಬೇಕಾಗಿಲ್ಲ. ನಿನ್ನ ಬಾಯಿ ಮುಚ್ಚಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಯಾರೂ ಅನುಮಾನ ಪಡುವುದಿಲ್ಲ.

ನಾಲ್ಕೈದು ವರ್ಷ ಅಂದರೆ ಎಷ್ಟು ಕುರ್ಚಿ ಎಂದು ಪೇಂಟರು ಲೆಕ್ಕ ಹಾಕಿದ. ನಾನು ಬೇಡ ಅಂದೆ.

ಅಪ್ಪ


ಮೇ 19

ಅಪ್ಪನಿಗೆ,

ಮೊದಲು ಓದುವವರೇ, ಈ ಪತ್ರದಲ್ಲಿ ಎಷ್ಟು ತಪ್ಪಿದ್ದರೂ ತಿದ್ದಿ, ಆದರೆ ಏನನ್ನೂ ಕಪ್ಪು ಮಾಡಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ಅಪ್ಪ, ಮೊನ್ನೆ ಭಾನುವಾರ ಬಾಗಿಲ ಮೆಟ್ಟಿಲು ತೊಳೆಯಲು ಕೂತೆ. ಮೆಟ್ಟಿಲ ಎಡಕ್ಕೆ, ಕೈಕಾಲು ತೊಳೆದ ನೀರು ಹರಿಯುವ ಕಡೆ, ಒಂದು ಹಿಡಿಯಷ್ಟು ಎಳೆ ಗಿಡಗಳು ಗುಂಪಾಗಿ ಎದ್ದಿದ್ದವು. ಬೂದುಹಸಿರು ಎಲೆ, ಅಂಚು ಗರಗಸದ ಹಾಗೆ. ಕಳೆ ಎಂದು ಕೈ ಹಾಕಿದವಳು ಹಾಗೇ ನಿಂತೆ. ನನಗೆ ಅವುಗಳ ಪರಿಚಯವಿತ್ತು.

ಹತ್ತಿರದಲ್ಲಿ ಯಾರೂ ಇರಲಿಲ್ಲ. ಒಂದೇ ಎಳೆತಕ್ಕೆ ಬರುತ್ತಿದ್ದವು, ಒಲೆಯೂ ಉರಿಯುತ್ತಿತ್ತು. ನಿನ್ನ ಮೇಲೆ ಆಣೆ, ಕೈ ಎರಡು ಸಲ ಮುಂದೆ ಹೋಯಿತು. ಆಮೇಲೆ ಒಂದು ವಿಷಯ ಹೊಳೆಯಿತು. ನೀನು ಮನೆಯಲ್ಲಿಲ್ಲದೆ ಎರಡೂವರೆ ತಿಂಗಳಾಯಿತು. ಇವುಗಳನ್ನು ನೀನು ಬಿತ್ತಿರಲು ಸಾಧ್ಯವಿಲ್ಲ. ನಾನೂ ಬಿತ್ತಿಲ್ಲ. ಮತ್ತೆ ಈ ಜಾಗದಲ್ಲಿ ನಾನು ದಿನಾ ಮಾಡುವುದೇನು? ಏಪ್ರನ್ ಕೊಡವುತ್ತೇನೆ.

ಏಪ್ರನ್ ಅವರವರೇ ಮನೆಗೆ ಒಯ್ದು ಚೊಕ್ಕಟ ಮಾಡಿಕೊಂಡು ತರಬೇಕು ಎನ್ನುವುದು ಒಲೆ ಮಾವನ ಕಟ್ಟಪ್ಪಣೆ. ಅದರ ಜೇಬು, ಮಡಿಕೆ, ಹೊಲಿಗೆಯ ಸಂದಿನಲ್ಲೆಲ್ಲ ಹಿಟ್ಟು, ಗಸಗಸೆ. ಒಲೆ ಕಾಣದ ಹಸಿ ಕಾಳು, ಜೀವ ಇರುವ ಕಾಳು. ಹಗ್ಗ ಇದ್ದಾಗ ಸಂಜೆ ಅದರ ಮೇಲೆ ಏಪ್ರನ್ ಹಾಕಿ, ಅಂಗೈಯಿಂದ ಹೊಡೆಯುತ್ತ, ಗೋಡೆಯಿಂದ ಕಂಬದ ತನಕ ಎಳೆದುಕೊಂಡು ಹೋಗುತ್ತಿದ್ದೆ. ಅಮ್ಮ ಚಾಪೆ ಕೊಡವುತ್ತಿದ್ದದ್ದು ಹಾಗೇ ಅಲ್ಲವೆ? ಒಂದೇ ಕಡೆ ಹೊಡೆದರೆ ಧೂಳು ಮತ್ತೆ ಅದಕ್ಕೇ ಅಂಟುತ್ತದೆ, ನಡೀತಾ ಹೊಡಿ ಅನ್ನುತ್ತಿದ್ದಳು. ನಾನು ನಡೆಯುತ್ತ ಹೊಡೆದೆ. ಬೆಳಿಗ್ಗೆ ಅದೇ ಹಗ್ಗದ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದೆ, ಅವು ತೊಟ್ಟಿಕ್ಕಿ ನೆಲ ನೆನೆಯುತ್ತಿತ್ತು. ಆ ಸಾಲನ್ನು ನೇರ ಮಾಡಿದ್ದು ಹಗ್ಗ. ನೀರು ಹಾಕಿದ್ದು ನಮ್ಮ ಬಟ್ಟೆ.

ಇಷ್ಟು ಗೊತ್ತಾದ ಮೇಲೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತೆ. ಎರಡು ಕೈಯಲ್ಲೂ ಅದರ ಅಂಚು ಹಿಡಿದೆ. ಕೆಳಗಡೆ ಬೆರಳಿಗೆ ಒಂದು ಗಂಟು ಸಿಕ್ಕಿತು. ನೀನು ಹೆಣೆಯುವಾಗ ಗಂಟು ಬಿಡುವವನಲ್ಲ. ಬೆತ್ತದ ಬದಲು ಯಾವುದೋ ಹಳೆ ಹುರಿ ಹೆಣೆದಿದ್ದೀಯ ಎಂದುಕೊಂಡಿದ್ದೆ, ಸ್ಟೂಲು ತಿರುಗಿಸಿ ನೋಡಿದೆ. ಅಮ್ಮನ ಗಂಟು ಅಪ್ಪ ಅದು, ಹಗ್ಗ ಹರಿದಾಗ ಅವಳು ಹಾಕಿದ್ದು, ಎರಡು ಕಿವಿ ಬಿಟ್ಟು ಮೊಲದ ಹಾಗೆ. ಎರಡೂವರೆ ತಿಂಗಳಿಂದ ನಾನು ಆ ಹಗ್ಗದ ಮೇಲೇ ಕೂತು, ಹಗ್ಗ ಎಲ್ಲಿ ಎಂದು ನಿನಗೆ ಬರೆಯುತ್ತಿದ್ದೆ.

ಕಾರ್ಡಿನ ಬಣ್ಣ ಹೇಳಿದ ಕೂಡಲೇ ಆ ಹೆಂಗಸು ಇಲಾಖೆಯವರೆಂದು ನಿನಗೆ ತಿಳಿಯಿತು, ಮುಂದಿನದೆಲ್ಲ ಕಂಡಿತು. ಹಗ್ಗ ಕಂಡರೆ ಏಪ್ರನ್ ಕಾಣುತ್ತದೆ, ಏಪ್ರನ್ ಕಂಡರೆ ನಾನು ಕಾಣುತ್ತೇನೆ ಎಂದು ಅದನ್ನು ಬಿಚ್ಚಿ ಹೆಣೆದುಬಿಟ್ಟೆ. ಅಪ್ಪ, ನೀನು ಎಂಥ ಜಾಣ, ಎಂಥ ದಡ್ಡ. ನಮ್ಮಿಬ್ಬರನ್ನೂ ಬಿಡಿಸುವುದು ಇದ್ದದ್ದು ಅದೊಂದೇ. ಅದನ್ನೇ ಬಚ್ಚಿಟ್ಟೆ.

ನಾಳೆ ಬೆಳಿಗ್ಗೆ ಆ ಹೆಂಗಸು ಬ್ರೆಡ್ಡಿಗೆ ಬರುತ್ತಾರೆ. ನಾನು ಮಾತಾಡುತ್ತೇನೆ. ಹೇಳುವ ಮಾತನ್ನು ಹಿಟ್ಟಿಗೆ, ಒಲೆಗೆ, ಬೆಕ್ಕಿಗೆ ಎಲ್ಲರಿಗೂ ಹೇಳಿ ನೋಡಿಯಾಯಿತು. ಬೆಕ್ಕು ಎದ್ದು ಹೋಯಿತು. ನನ್ನನ್ನೂ ಕರೆದುಕೊಂಡು ಹೋದರೆ ಹೋಗಲಿ. ಹೇಳಿ ಕೆಡಿಸಿದವಳು ನಾನು, ಹೇಳದೆ ಇನ್ನೂ ಕೆಡಿಸಲಾರೆ.

ನಿನ್ನ ಮಗಳು


ಮೇ 27

ಮಗಳೇ,

ನಿನ್ನ ಪತ್ರ ಇವತ್ತು ಸಿಕ್ಕಿತು. ಕಪ್ಪು ಇಲ್ಲ, ಕೆಂಪೂ ಇಲ್ಲ. ಕೊಡುವಾಗ ಗುಮಾಸ್ತರು ಮೊದಲ ಸಲ ನನ್ನ ಮುಖ ನೋಡಿದರು.

ಬಾಗಿಲು ಗುಡಿಸು ಎಂದು ಬರೆಯಲು ಕೂತೆ. ಚೆನ್ನಾಗಿ ಗುಡಿಸು ಎಂದು. ಆದರೆ ತಾರೀಖು ನೋಡಿದರೆ ನೀನು ಹೇಳಿ ವಾರವಾಗಿರಬೇಕು. ಹೇಳಿದೆಯಾ? ಹೇಳಲು ಬಾಯಿ ಬಂತೆ? ನಿನಗೆ ಏನಾಯಿತು ಎಂದು ಯಾರೂ ಹೇಳುತ್ತಿಲ್ಲ. ಒಂದೇ ಕುರ್ಚಿಯನ್ನು ಎರಡು ಸಲ ಹೆಣೆದು ಬಿಚ್ಚಿದೆ.

ನಾನು ನಿನಗೆ ಹೇಳದೆ ಇದ್ದದ್ದು ಒಂದಿದೆ. ಔಷಧಿ ಅಂಗಡಿಯವರು ಕುರ್ಚಿ ಒಯ್ಯಲು ಬಂದಾಗ ಹಿತ್ತಲು ನೋಡಿ, ಇದು ಇಂಥ ಗಿಡ, ಇವತ್ತೇ ಕಿತ್ತುಹಾಕು ಎಂದಿದ್ದರು. ಅದಾಗಿ ಒಂಬತ್ತು ದಿನಕ್ಕೆ ಇಲಾಖೆಯವರು ಬಂದರು. ಅಂಗಡಿಯವರು ಹೇಳಿದ ಸಂಜೆಯೇ ಕೀಳೋಣವಾ ಎಂದು ನಿನ್ನನ್ನು ಕೇಳಿದೆ, ನೆನಪಿದೆಯೆ? “ಎಸಳು ಉದುರೋ ತನಕ ಇರಲಿ ಅಪ್ಪ” ಅಂದೆ. ಅಮ್ಮ ಹೋದ ಮೇಲೆ ನೀನು ಒಂದು ವಸ್ತು ಬೇಕು ಎಂದು ಕೇಳಿದ್ದು ಅದೇ ಮೊದಲು. ಯಾಕೆ ಕೀಳಬೇಕು ಎಂದು ಹೇಳಿದರೆ ಹೆದರುತ್ತೀಯ ಎಂದು ಹೇಳಲಿಲ್ಲ. ಹೇಳಿದ್ದರೆ ನೀನು ಹೂವನ್ನು ಅಂಗಡಿಗೆ ಒಯ್ಯುತ್ತಿರಲಿಲ್ಲ.

ಪಿಟ್ಟಕ್ಕನ ಅಪ್ಪ ಅವಳಿಗಿಂತ ದೊಡ್ಡ ಮೂಗ.

ಅಪ್ಪ


ಜೂನ್ 16

ಅಪ್ಪನಿಗೆ,

ಈ ಪತ್ರ ವಕೀಲಮ್ಮನ ಕೈಯಲ್ಲಿ ಬರುತ್ತಿದೆ, ಹಾಗಾಗಿ ತಿದ್ದುವವರಿಲ್ಲ. ಅಕ್ಷರ ಹಳೆಯ ಚಾಳಿಗೆ ಬಿದ್ದರೆ ಬೈಯಬೇಡ. ಹನ್ನೆರಡನೇ ತಾರೀಖು ನಿನ್ನನ್ನು ಕೋರ್ಟಿನಿಂದ ಹಾಗೇ ವಾಪಸು ಒಯ್ದರು, ಮಾತಾಡಲು ಬಿಡಲಿಲ್ಲ. ನಿನ್ನೆ ಮನೆಯಲ್ಲಿ ಏನಾಯಿತೆಂದು ವಕೀಲಮ್ಮ ಎರಡು ಮಾತಲ್ಲಿ ಹೇಳಿರುತ್ತಾರೆ. ನಾನು ಮೊದಲಿನಿಂದ ಹೇಳುತ್ತೇನೆ.

ಹೋದ ಪತ್ರ ಬರೆದ ಮರುದಿನ ಆ ಹೆಂಗಸು ಬಂದು ಎಂದಿನಂತೆ ಬೆರಳು ತೋರಿಸಿದರು. ನಾನು ಬ್ರೆಡ್ಡು ತೆಗೆಯಲಿಲ್ಲ. “ನಮ್ಮ ಬಾಗಿಲ ಹತ್ರ ಇನ್ನೂ ಹುಟ್ಟಿದೆ” ಅಂದೆ. ಮೊದಲ ಸಲ ಹೇಳಿದ್ದೂ ಐದು ಪದ, ಇದೂ ಅಷ್ಟೇ. ಅವರು ಚಾಚಿದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. “ಯಾಕಮ್ಮ ನಂಗೆ ಹೇಳ್ತೀಯ? ಕಂಡ ಮೇಲೆ ಕಾಣದ ಹಾಗಿರೋಕೆ ನಂಗೆ ಬರಲ್ಲ. ಹೋದ ಸಲಾನೂ ಬರಲಿಲ್ಲ” ಅಂದರು. ಅದಕ್ಕೇ ನಿಮಗೆ ಹೇಳ್ತಿರೋದು ಅಂದೆ. ಒಲೆ ಮಾವ ಒಲೆ ಬಿಟ್ಟು ಈಚೆ ಬಂದು ನಿಂತಿದ್ದರು. ಆ ದಿನ ಒಂದು ತಟ್ಟೆ ಬನ್ನು ಕರಿಯಾಯಿತು. ಸಂಜೆ ಆ ಹೆಂಗಸು ಮನೆಗೆ ಬಂದು ಎಳೆ ಗಿಡಗಳನ್ನು ನೋಡಿ ಬರೆದುಕೊಂಡರು, ಕೋರ್ಟಿನವರು ನೋಡುವ ತನಕ ಕೀಳಬೇಡ ಎಂದರು, ನಾನು ವಕೀಲಮ್ಮನಿಗೂ ಎಲ್ಲ ಹೇಳಿದೆ.

ಹನ್ನೆರಡಕ್ಕೆ ಕೋರ್ಟಿನಲ್ಲಿ ನೀನು ಸಹಿಗೆ ಪೆನ್ನು ಎತ್ತುವ ಮೊದಲೇ ವಕೀಲಮ್ಮ ಎದ್ದು, ಸ್ಥಳ ನೋಡಬೇಕು ಎಂದು ಕೇಳಿದರಲ್ಲ. ಹಾಗಾಗಿ ನಿನ್ನೆ ಎಲ್ಲರೂ ಬಂದರು. ನ್ಯಾಯಾಧೀಶರು ವಯಸ್ಸಾದವರು, ಒಳಗೆ ಬರುವಾಗ ಚಪ್ಪಲಿ ಬಿಟ್ಟರು. ನಿನ್ನ ಅರ್ಧ ಕುರ್ಚಿಗಳನ್ನು ಕಂಡು ಕೂರುವುದೋ ಬೇಡವೋ ಎಂದು ಯೋಚಿಸಿ ನಿಂತೇ ಇದ್ದರು.

ಸ್ಟೂಲು ಬಿಚ್ಚಲು ನನಗೆ ಅರ್ಧ ಗಂಟೆ ಹಿಡಿಯಿತು. ನೀನು ಹೆಣೆದದ್ದು ಅಷ್ಟು ಬಿಗಿ. ಹಗ್ಗ ಸುರುಳಿ ಸುರುಳಿಯಾಗಿ ನನ್ನ ಮಡಿಲಿಗೆ ಬರುತ್ತಿತ್ತು, ತಿಂಗಳುಗಟ್ಟಲೆಯ ಬಾಗು ಬಿಡದೆ ಅಲೆಯಲೆಯಾಗಿತ್ತು. ಒಂದು ತುದಿಯನ್ನು ಗೋಡೆಯ ಕೊಂಡಿಗೆ ನಾನು ಕಟ್ಟಿದೆ. ಇನ್ನೊಂದು ತುದಿ ಹಿಡಿದು ಕಂಬದ ತನಕ ನಡೆದವರು ಆ ಕಾರ್ಡಿನ ಹೆಂಗಸು. ಎಳೆದು ಬಿಗಿ ಮಾಡಿದಾಗ ಹಗ್ಗದ ನೆರಳು ನೆಲದ ಮೇಲೆ ಬಿತ್ತು, ನಲವತ್ತೊಂದು ಗೂಟಗಳ ತಲೆಯ ಮೇಲೆ, ಮಣಿ ಪೋಣಿಸಿದ ಹಾಗೆ. ಹೊತ್ತು ಸರಿಯಾಗಿ ನೆತ್ತಿಗೆ ಬಂದಿತ್ತು. ಅಷ್ಟು ಚೆನ್ನಾಗಿ ನಾವು ಬೇಕೆಂದು ಮಾಡಿದ್ದರೂ ಆಗುತ್ತಿರಲಿಲ್ಲ.

ಆಮೇಲೆ ನ್ಯಾಯಾಧೀಶರು ಕೆಳಗೆ ಬಿಳಿ ಹಾಸು ಹರಡಿಸಿ, ದಿನಾ ಮಾಡುವ ಹಾಗೆ ಮಾಡು ಎಂದರು. ಹಿಂದಿನ ದಿನದ ಏಪ್ರನ್ ಹಗ್ಗದ ಮೇಲೆ ಹಾಕಿ, ಹೊಡೆಯುತ್ತ ನಡೆದೆ. ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು ಬಗ್ಗಿದರು. ಕಾಳುಗಳು ಹಾಸಿನ ನಡುವೆ ಒಂದು ಬೂದು ಗೆರೆಯಾಗಿದ್ದವು. ಮೆಟ್ಟಿಲ ಪಕ್ಕದ ಎಳೆ ಗಿಡಗಳನ್ನೂ ನೋಡಿದರು. ಅವಕ್ಕೂ ಗೂಟ ಹಾಕಿದರು.

ನೀನೇ ಬಿತ್ತಿದ್ದಾ ಎಂದು ನನ್ನನ್ನು ಕೇಳಿದರು. ನನ್ನ ದನಿ ನನಗೇ ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಮ್ಮ ಅಂದರು.

“ಬಿತ್ತಲಿಲ್ಲ ಸ್ವಾಮಿ, ಕೊಡವಿದೆ. ಆಮೇಲೆ ಹೂವು ನೋಡಿ, ಇರಲಿ ಅಂದದ್ದೂ ನಾನೇ.”

ಕೊನೆಯ ಮಾತು ಹೇಳಬೇಡ ಎಂದು ವಕೀಲಮ್ಮ ಮೊದಲೇ ತಾಕೀತು ಮಾಡಿದ್ದರು. ಆದರೆ ಅಪ್ಪ, ಅರ್ಧ ಹೇಳಿ ಅರ್ಧ ನುಂಗುವುದನ್ನು ನಾವಿಬ್ಬರೂ ಸಾಕಷ್ಟು ಮಾಡಿದ್ದೇವೆ. ಔಷಧಿ ಅಂಗಡಿಯವರು ನಿನಗೆ ಹೇಳಿದ್ದನ್ನೂ ಹೇಳಿಬಿಟ್ಟೆ. ನ್ಯಾಯಾಧೀಶರು ಅಲ್ಲೇ ಬಾಗಿಲ ಹತ್ತಿರ ನಿಂತು ಬರೆಸಿದರು. ಬೆಳೆಸಿದ ಅಪರಾಧ ನಿಲ್ಲುವುದಿಲ್ಲ. ಗೊತ್ತಾದ ಮೇಲೂ ಒಂಬತ್ತು ದಿನ ತಿಳಿಸದೆ ಇದ್ದದ್ದು ತಂದೆಯ ತಪ್ಪು, ಅದಕ್ಕೆ ಈಗಾಗಲೇ ಒಳಗೆ ಕಳೆದ ದಿನಗಳೇ ಸಾಕು. ನಾನಾಗಿ ಬಂದು ತಿಳಿಸಿದ್ದರಿಂದ ನನ್ನ ಮೇಲೆ ಕೇಸಿಲ್ಲ, ಎಚ್ಚರಿಕೆ ಮಾತ್ರ. ಬೇಕರಿಯವರು ಇನ್ನು ಮೇಲೆ ಏಪ್ರನ್ನುಗಳನ್ನು ಅಲ್ಲೇ ಕುದಿಯುವ ನೀರಿಗೆ ಹಾಕಬೇಕು. ಇದನ್ನು ಕೇಳಿ ಒಲೆ ಮಾವ, “ಇಷ್ಟು ವರ್ಷ ಬ್ರೆಡ್ಡು ಬೇಯಿಸಿದೆ, ಇನ್ನು ಬಟ್ಟೆ ಬೇಯಿಸೋದೊಂದು ಬಾಕಿ ಇತ್ತು” ಅಂದರು. ಆದರೂ ಸಂಜೆಯೇ ಹಂಡೆ ತರಿಸಿದರು.

ಎಲ್ಲರೂ ಹೋದ ಮೇಲೆ ಆ ಹೆಂಗಸು ಒಬ್ಬರೇ ಗೇಟಿನ ಹತ್ತಿರ ನಿಂತಿದ್ದರು. “ಅವತ್ತು ನೀನು ಉತ್ತರ ಕೊಟ್ಟಾಗ ನಂಗೆ ಖುಷಿಯಾಗಿತ್ತು ಗೊತ್ತಾ, ಕಚೇರಿ ಮೆಟ್ಟಿಲು ಹತ್ತೋ ತನಕ” ಅಂದರು. ನಾಳೆ ಬ್ರೆಡ್ಡು ದಪ್ಪಗೆ ಕೊಯ್ದು ಇಡಲಾ ಎಂದು ಕೇಳಿದೆ. ತೆಳ್ಳಗೆ ಇರಲಿ ಅಂದರು. ಹನ್ನೊಂದು ತಿಂಗಳು ಕೊಟ್ಟರೂ, ಅವರಿಗೆ ತೆಳ್ಳಗೆ ಬೇಕಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅವರೂ ಹೇಳಿರಲಿಲ್ಲ.

ನಾಳೆ ಹತ್ತು ಗಂಟೆಗೆ ನಿನ್ನನ್ನು ಬಿಡುತ್ತಾರಂತೆ. ನಾನು ಗೇಟಿನ ಹತ್ತಿರ ಇರುತ್ತೇನೆ. ಗುಮಾಸ್ತರಿಗೆ ಒಂದು ಡಜನ್ ಬನ್ನು ತರುತ್ತೇನೆ, ಗಸಗಸೆ ಇಲ್ಲದ್ದು. ಸ್ಟೂಲಿಗೆ ಈಗ ನಾಲ್ಕು ಕಾಲು ಮಾತ್ರ, ನೀನು ಬಂದು ಬೆತ್ತದಲ್ಲಿ ಹೆಣೆಯಬೇಕು. ಅಲ್ಲಿಯ ತನಕ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ನಿನ್ನ ನೀಲಿ ಅಂಗಿ ಒಗೆದು, ಅಮ್ಮನ ಗಂಟಿನ ಪಕ್ಕ ಹಗ್ಗದ ಮೇಲೆ ಹಾಕಿ ಬಂದೆ. ತೋಳಿನಿಂದ ಇನ್ನೂ ಹನಿ ಬೀಳುತ್ತಿದೆ.

ನಿನ್ನ ಮಗಳು